ಎಡಗಡೆಯ ಬೋಲ್ಟು

ವರ್ನನ್ ಹಾಗೆನ್‌ನ ಬಲಗಣ್ಣಿನ ನಟ್ಟನಡುವೆ ಬೂದು ಬಣ್ಣದ ಮಚ್ಚೆಯೊಂದು ಬಂದು ಕೂತಿತ್ತು. ಇದು ಇನ್ನು ಹೋಗುವಂಥದ್ದಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಟ್ರ್ಯಾಕ್ಟರ್ ಓಡಿಸುವುದಕ್ಕೆ, ಪೇಪರ್ ಓದುವುದಕ್ಕೆ ಎಡಗಣ್ಣೊಂದೇ ಸಾಕಿತ್ತು. ಆದರೆ ಸಾವಿರ ಗಜದಾಚೆ ನೇತಾಡುವ ಉಕ್ಕಿನ ಬಿಲ್ಲೆಗೆ ಗುರಿಯಿಡುವುದು ಅವನ ಬಲಗಣ್ಣಿನ ಕೆಲಸವಾಗಿತ್ತು. ಮೊಂಟಾನಾದ ಆ ಸೀಮೆಯ ಗೋಧಿ ಬೆಳೆಗಾರರೆಲ್ಲ ಸೇರಿ ಪ್ರತಿ ಆಗಸ್ಟಿನಲ್ಲಿ ಒಂದು ಜೋಡಿ ಸ್ಪರ್ಧೆ ನಡೆಸುತ್ತಾರೆ. ಒಬ್ಬರು ಹೊಡೆಯಬೇಕು, ಇನ್ನೊಬ್ಬರು ಪಕ್ಕದಲ್ಲಿ ಮಲಗಿ ದುರ್ಬೀನಿನಲ್ಲಿ ನೋಡುತ್ತ ಗಾಳಿ ಹೇಳಬೇಕು, ಎಂದರೆ ಬೀಸುವ ಗಾಳಿಗೆ ಗುರಿಯನ್ನು ಯಾವ ಕಡೆ, ಎಷ್ಟು ಸರಿಸಬೇಕೆಂದು. ಹಾಗೆನ್ ದಂಪತಿಯಲ್ಲಿ ಹೊಡೆಯುವವನು ವರ್ನನ್, ಗಾಳಿ ಹೇಳುವವಳು ಆರ್ಡಿಸ್. ಮೂವತ್ತು ವರ್ಷದಿಂದ ಅದು ಹಾಗೇ ನಡೆದಿತ್ತು. ಬಂದೂಕಿನ ಹಿಂದಿನ ಆ ಜಾಗ ತಪ್ಪಿಹೋದೀತೆಂದು ನೆನೆದರೆ ಅವನಿಗೆ ಅನ್ನ ನೀರು ಸೇರುತ್ತಿರಲಿಲ್ಲ.

ಸೋಲೊಪ್ಪುವ ಪ್ರಾಣಿಯಲ್ಲ ಅವನು. ಬಲಗಣ್ಣು ಹೋದರೇನಂತೆ, ಎಡಭುಜಕ್ಕೆ ಆನಿಸಿಕೊಂಡು ಎಡಗಣ್ಣಿನಿಂದ ಹೊಡೆಯುತ್ತೇನೆ ಎಂದುಕೊಂಡು ಹೆಂಡತಿಯನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಬಂದೂಕು ಕಟ್ಟುವ ಲೀಲಂಡ್ ಟ್ವೈಟ್‌ನ ಕೊಟ್ಟಿಗೆಗೆ ಹೋದ. ಲೀಲಂಡ್ ಅವನ ಜೊತೆ ಶಾಲೆಗೆ ಹೋದವನು, ಹಾಗಾಗಿ ಮರ್ಯಾದೆಯ ಮಾತೇ ಅವನಿಗೆ ಗೊತ್ತಿರಲಿಲ್ಲ.

"ಈ ವಯಸ್ಸಲ್ಲಿ ಮಗ್ಗುಲು ಬದಲಿಸ್ತೀಯೇನೋ?"

"ನನ್ನ ಮಗ್ಗುಲು, ನನ್ನಿಷ್ಟ. ತೋಟಾ ಏರಿಸೋ ಬೋಲ್ಟು ಎಡಗಡೆ ಇರೋದು ಬೇಕು. ತೋಟಾ ದೊಡ್ಡದೇ ಇರ್ಲಿ."

"ದೊಡ್ಡದು ಹಾಕಿದ್ರೆ ಒದೆಯುತ್ತೆ. ಅದು ಹೊಸ ಭುಜ ಕಣಯ್ಯ, ಎರಡು ಒದೆ ತಿಂದ ಮೇಲೆ ಹೊಡೆಯೋ ಮುಂಚೇನೇ ಕಣ್ಣು ಮುಚ್ಕೊಳ್ಳುತ್ತೆ. ಆರೂವರೆ ಮಿಲಿಮೀಟರ್ ತೋಟಾ ಸಾಕು. ನಳಿಗೆ ಮಾತ್ರ ದಪ್ಪಗಿರ್ಲಿ, ಬಿಸಿಯಾದ್ರೂ ಗುರಿ ಕದಲಲ್ಲ."

ಹೀಗೆ ಒಂದೊಂದಕ್ಕೂ ಜಟಾಪಟಿ ನಡೆಯಿತು. ಬಂದೂಕಿನ ಮೇಲೆ ಕೂರಿಸಿ ಗುರಿ ನೋಡುವ ಸ್ಕೋಪಿನ ಅಡಿಯ ಪಟ್ಟಿ ಮುಂದಕ್ಕೆ ಕೊಂಚ ಇಳಿಜಾರಾಗಿರಬೇಕು, ಇಲ್ಲವಾದರೆ ಸಾವಿರ ಗಜದ ಅಳತೆಗೆ ಹೋಗುವ ಮೊದಲೇ ದೂರಕ್ಕೆ ತಕ್ಕಂತೆ ಗುರಿ ಹೊಂದಿಸುವ ಸ್ಕೋಪಿನ ಗುಂಡಿ ತಿರುಗುವುದನ್ನು ನಿಲ್ಲಿಸುತ್ತದೆ ಎಂಬ ಒಂದು ವಿಷಯದಲ್ಲಷ್ಟೇ ಇಬ್ಬರಿಗೂ ಒಮ್ಮತ. ನಳಿಗೆಯ ಕೆಳಗೆ ಮಡಚುವ ಎರಡು ಕಾಲು ಬಂದವು. ಟ್ರಿಗರ್ ಹಗುರವಾಯಿತು. ಭುಜಕ್ಕಾನಿಸುವ ಹಿಡಿಯ ಉದ್ದವನ್ನೂ ಕೆನ್ನೆ ಊರುವ ಪಟ್ಟಿಯ ಎತ್ತರವನ್ನೂ ತಿರುಪಿನಿಂದ ಹೆಚ್ಚುಕಮ್ಮಿ ಮಾಡಬಹುದಾಗಿತ್ತು.

ಬಂದೂಕು ಸಿದ್ಧವಾದ ದಿನ ಲೀಲಂಡ್ ಅವನನ್ನು ಚಾಪೆಯ ಮೇಲೆ ಮಲಗಿಸಿದ. "ಕಣ್ಣು ಮುಚ್ಚು. ಹಾಯಾಗಿ ಕೆನ್ನೆ ಊರು. ಈಗ ಕಣ್ಣು ಬಿಡು. ಸ್ಕೋಪಿನೊಳಗೆ ನೋಟ ಪೂರ್ತಿ ದುಂಡಗೆ ಕಾಣ್ತಿದ್ಯಾ?"

ವರ್ನನ್‌ಗೆ ಅಂಚಿನಲ್ಲಿ ಕಪ್ಪು ಕಂಡಿತು. ತಿರುಪು ತಿರುಗಿಸಿದರು. ಮತ್ತೆ ಕಪ್ಪು. ಕೊನೆಗೆ ಕತ್ತನ್ನು ಒಂಚೂರು ಸೊಟ್ಟ ಮಾಡಿಕೊಂಡು, "ಕಾಣ್ತಿದೆ ಬಿಡು" ಎಂದು ಸುಳ್ಳು ಹೇಳಿ ಎದ್ದ. ಆರ್ಡಿಸ್ ಅವನ ಕತ್ತನ್ನೇ ನೋಡುತ್ತಿದ್ದಳು.

ಮರುದಿನ ತಮ್ಮದೇ ಹೊಲದ ದಿಬ್ಬದ ಮೇಲೆ ಇಬ್ಬರೂ ಮಲಗಿದರು. ಕೆಳಗಿನ ಕಣಿವೆಯಾಚೆ, ಮಣ್ಣಿನ ಗೋಡೆಗೆ ಬೆನ್ನಾಗಿ ಬಿಲ್ಲೆ ನೇತಾಡುತ್ತಿತ್ತು. ಆರ್ಡಿಸ್ ಗಾಳಿ ಹೇಳಿದಳು, ವರ್ನನ್ ಹೊಡೆದ. ಬಿಲ್ಲೆಯ ಪಕ್ಕದಲ್ಲಿ ಮಣ್ಣು ಹಾರಿತು. ಹಾರಿದ್ದೇ ತಡ, ಅವನ ಬಲಗೈ ತಾನೇ ತಾನಾಗಿ ಮೇಲೆದ್ದು ಬಂದೂಕಿನ ಬಲಬದಿಯಲ್ಲಿ ಇಲ್ಲದ ಬೋಲ್ಟನ್ನು ತಡಕಾಡತೊಡಗಿತು.

"ಯಾರ ಕೈ ಕುಲುಕೋಕೆ ಹೊರಟೆ?" ಎಂದಳು ಆರ್ಡಿಸ್.

"ಸುಮ್ನಿರೇ."

ಮತ್ತೆ ಹೊಡೆದ, ಮತ್ತೆ ತಡಕಾಡಿದ. ಒಂದು ಗುಂಡು ಹೇಗೋ ತಗುಲಿತು, ಉಳಿದವೆಲ್ಲ ಮಣ್ಣಿನ ಪಾಲು. ಅವನ ಕಿವಿ ಕೆಂಪಾಯಿತು. "ಸ್ಕೋಪ್ ಅಲುಗಾಡ್ತಿದೆ. ಆ ಲೀಲಂಡ್ ಬಿಗಿ ಮಾಡೇ ಇಲ್ಲ."

"ಪಾಪ, ಲೀಲಂಡ್."

"ನಂಬಿಕೆ ಇಲ್ದಿದ್ರೆ ನೀನೇ ಹೊಡೆದು ನೋಡು."

ಆರ್ಡಿಸ್ ಅವನ ಜಾಗಕ್ಕೆ ಬಂದು ಬಂದೂಕಿನ ಹಿಂದೆ ಮಲಗಿದಳು. ತಿರುಪು ಸಡಿಲಿಸಿ ಹಿಡಿಯನ್ನು ಒಂದು ಬೆರಳು ಗಿಡ್ಡ ಮಾಡಿಕೊಂಡಳು, ಕಣ್ಣು ಮುಚ್ಚಿದಳು, ಬಿಟ್ಟಳು. "ದುಂಡಗೆ ಕಾಣ್ತಿದೆ," ಎಂದಳು, ತನಗೇ ಆಶ್ಚರ್ಯವಾದವಳಂತೆ.

ಆರ್ಡಿಸ್ ಎಡಚಿ. ಅವಳು ಆಲೂಗೆಡ್ಡೆ ಹೆರೆಯುವುದು, ಬರೆಯುವುದು, ಗಂಡನ ಬೆನ್ನಿಗೊಂದು ಕೊಡುವುದು ಎಲ್ಲ ಎಡಗೈಯಲ್ಲೇ. ವರ್ನನ್‌ಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಮನೆಯ ಬಂದೂಕುಗಳೆಲ್ಲ ಅವನ ಬಲಗೈಗೆ ಆರಿಸಿ ತಂದವು. ಬೇಸರವಾದಾಗ ಅವಳೂ ನಾಲ್ಕು ಗುಂಡು ಹೊಡೆಯುತ್ತಿದ್ದಳು. ಪ್ರತಿ ಸಲವೂ ಬಂದೂಕಿನ ಮೇಲಿಂದ ಕೈ ಚಾಚಿ ಆಚೆಬದಿಯ ಬೋಲ್ಟು ಎಳೆಯಬೇಕು, ಆಗ ಕೆನ್ನೆ ಏಳುತ್ತಿತ್ತು, ಗುರಿ ಕದಲುತ್ತಿತ್ತು. ಕ್ಲಬ್ಬಿನವರೆಲ್ಲ ಅದನ್ನು ನೋಡಿ ನಗುತ್ತಿದ್ದರು. ಆರ್ಡಿಸ್‌ಗೆ ಗಾಳಿ ಗೊತ್ತು, ಬಂದೂಕು ಗೊತ್ತಿಲ್ಲ ಎಂದು ವರ್ನನ್ ಹತ್ತು ಜನರ ಮುಂದೆ ಹೇಳಿದ್ದೂ ಉಂಟು. ಜಾಣರು ಎನಿಸಿಕೊಂಡವರ ಕಣ್ಣಿಗೆ ಮಣ್ಣು ಬೀಳುವುದು ಹೀಗೆಯೇ.

ವರ್ನನ್ ದುರ್ಬೀನಿಗೆ ಎಡಗಣ್ಣು ಹಚ್ಚಿದ. ಬಿಲ್ಲೆಯ ಮುಂದೆ ಗಾಳಿಗೆ ಸಿಕ್ಕಿದ ಬಿಸಿಲುಗುದುರೆ ಎಡದಿಂದ ಬಲಕ್ಕೆ ಹರಿಯುತ್ತಿರುವುದು ಸ್ಪಷ್ಟವಾಗಿ ಕಂಡಿತು. "ಒಂದು ಬಿಲ್ಲೆಯಷ್ಟು ಎಡಕ್ಕೆ ಹಿಡಿ."

ಅವಳು ಹೊಡೆದಳು. ಬಿಲ್ಲೆ ತೂಗಿತು, ತಡವಾಗಿ ಟಣ್ ಎಂದು ಸದ್ದು ಬಂತು. ಅಷ್ಟರಲ್ಲಿ ಅವಳ ಎಡಗೈ ಬೋಲ್ಟು ಎಳೆದು ದೂಡಿ ಟ್ರಿಗರ್‌ಗೆ ಮರಳಿತ್ತು. ಕೆನ್ನೆ ಇದ್ದಲ್ಲೇ ಇತ್ತು.

"ತಡಿ, ತಗ್ಗಿತು. ಅರ್ಧ ಸಾಕು." ಟಣ್. "ಈಗ ಬೀಸ್ತು. ಮತ್ತೆ ಒಂದು." ಟಣ್. ಹೊಡೆಯುತ್ತಿರುವುದು ಯಾರೆಂಬುದೇ ವರ್ನನ್‌ಗೆ ಮರೆತುಹೋಯಿತು. ತೋಟಾ ಮುಗಿದಾಗ ಒಂದೂ ತಪ್ಪಿರಲಿಲ್ಲ. ಅವನಿಗೆ ಖುಷಿಯಾಯಿತು.

"ಸ್ಕೋಪ್ ಸರಿಯಾಗೇ ಇದೆ," ಎನ್ನುತ್ತ ಆರ್ಡಿಸ್ ಮೊಣಕೈ ಊರಿ ಎದ್ದು, ಹಿಡಿಯನ್ನು ಮತ್ತೆ ಅವನ ಅಳತೆಗೆ ಉದ್ದ ಮಾಡಲು ಹೊರಟಳು. "ಬಾ, ನಿನ್ನ ಜಾಗಕ್ಕೆ."

"ಮುಟ್ಟಬೇಡ ಅದನ್ನ." ವರ್ನನ್ ಅವಳ ಕೈ ತಡೆದ. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಮನೇಲಿದ್ದ ಬಂದೂಕೆಲ್ಲ ನಿಂದೇ ಆಗಿತ್ತು."

ವರ್ನನ್ ಅವಳ ಕೈಯಿಂದ ತಿರುಪು ತಿರುಗಿಸುವ ಕೀಲಿ ತೆಗೆದುಕೊಂಡು, ಅವಳ ಅಳತೆಗೆ ನಿಂತಿದ್ದ ತಿರುಪುಗಳನ್ನು ಒಂದೊಂದಾಗಿ ಜಗ್ಗಿ ಬಿಗಿ ಮಾಡಿದ. ಕೊನೆಯದನ್ನು ಇನ್ನು ತಿರುಗದಷ್ಟು ಬಿಗಿದ.

"ಆಗಸ್ಟಲ್ಲಿ ಗಾಳಿ ನಾನು ಹೇಳ್ತೀನಿ," ಎಂದ.

"ನಾನು ಹೇಳಿದ ಗಾಳೀನ ನೀನು ಒಂದು ದಿನಾನೂ ಪೂರ್ತಿ ನಂಬ್ಲಿಲ್ಲ, ಗೊತ್ತಾ?"

"ಗೊತ್ತು."

"ನಾನು ನಂಬ್ತೀನಿ. ಹೇಳು."

ವರ್ನನ್ ಅವಳ ಪಕ್ಕದಲ್ಲಿ ಮಲಗಿ ದುರ್ಬೀನಿಗೆ ಕಣ್ಣಿಟ್ಟ. ಅವಳು ತೋಟಾ ತುಂಬಿ ಕೆನ್ನೆ ಊರಿದಳು. ಕಣಿವೆಯ ಹುಲ್ಲು ಬಾಗಿ ಏಳುವುದನ್ನು ಅವನು ಮೈಯೆಲ್ಲ ಕಣ್ಣಾಗಿ ನೋಡಿದ, ಅವಸರ ಮಾಡಲಿಲ್ಲ.

"ಮುಕ್ಕಾಲು," ಎಂದ. "ಎಡಕ್ಕೆ."