ಒಳಗಡೆ ಅಗಳಿ ಇಟ್ಟ ಹಕ್ಕಿ ಬಾಗ್ಲು

ನಮ್ಮನೇಲಿ ಅರವತ್ತೊಂದು ಹಕ್ಕಿ ಇದ್ವು. ಎಣಿಸಿದ್ದು ನಾನಲ್ಲ, ನನ್ನ ಹೆಂಡ್ತಿ ಬಸಕ್ಕ. ನಂಗೆ ಅಷ್ಟೊಂದು ಎಣಿಸೋಕೆ ಬರಲ್ಲ. ನನ್ನ ಬೈಯೋವಾಗ ಅವಳಿಗೆ ಎಲ್ಲಾ ಲೆಕ್ಕನೂ ಬರ್ತೈತೆ.

ಮೊದ್ಲು ತಂದಿದ್ದು ಒಂದೇ ಗಿಳಿ. ಚಂದ್ರಗುತ್ತಿಗೆ ಹೋದೋನು ಬರೋವಾಗ ಹೆಗಲ ಮೇಲೆ ಕೂರಿಸ್ಕೊಂಡು ಬಂದೆ. ಎದೆ ಉಬ್ಬಿಸ್ಕೊಂಡು ಮನೆ ತುಂಬ ಓಡಾಡ್ತಿತ್ತು, ಅದಕ್ಕೇ ಪಟೇಲ ಅಂತ ಹೆಸರಾತು. ಪಟೇಲಂಗೆ ಜೊತೆ ಬೇಕಲ್ಲ ಅಂತ ಇನ್ನೊಂದು ಗಿಳಿ ತಂದೆ. ಆಮೇಲೆ ಎರಡು ಮೈನಾ, ನಾಕು ಪಾರಿವಾಳ. ಉಳಿದವು ನಾನು ತಂದಿದ್ದಲ್ಲ. ಶಿಕಾರಿಪುರದಾಗೆ ಉಜ್ಜಪ್ಪನ ಮನೇಲಿ ನವಣೆ ಬಿಟ್ಟಿ ಸಿಗ್ತೈತೆ ಅಂತ ಸುದ್ದಿ ಹಬ್ಬಿ, ತಾಳಗುಂದದ ಗಿಳಿಗಳೆಲ್ಲ ಗದ್ದೆ ಬಿಟ್ಟು ನಮ್ಮನಿಗೆ ಬಂದ್ವು. ಆ ವರ್ಷ ಅಲ್ಲಿನ ರೈತರು ಬೆದರುಬೊಂಬೆ ಕಿತ್ತು ಒಲೆಗೆ ಹಾಕಿದ್ರಂತೆ.

ಎಲ್ಲಾ ಮನೆಯೊಳಗೇ. ಬಸಕ್ಕ ಮೂರನೇ ರೊಟ್ಟಿ ಬೇಯಿಸೋಷ್ಟ್ರಲ್ಲಿ ಮೊದಲ್ನೇದು ಇರ್ತಿರ್ಲಿಲ್ಲ. ಒಂದಿನ ಅವಳ ತುರುಬಿನಾಗೆ ಪಾರಿವಾಳ ಮೊಟ್ಟೆ ಇಟ್ಟಿತು. ಅವಳಿಗೆ ಸಿಟ್ಟು ಬಂದಿದ್ದು ಅದಕ್ಕಲ್ಲ, ನಾನು "ಅಲ್ಲಾಡ್ಬೇಡ, ಕಾವು ಕೆಡ್ತೈತೆ" ಅಂದಿದ್ದಕ್ಕೆ.

"ನೋಡ್ರಿ," ಅಂದ್ಲು. "ಸೋಮವಾರ ನಮ್ಮ ಚೌಡಪ್ಪ ಬರ್ತಾನೆ. ಅಷ್ಟ್ರೊಳಗೆ ಇವು ಒಂದು ಬಾಗ್ಲ ಹಿಂದೆ ಇರ್ಬೇಕು. ಒಂದು ಪುಕ್ಕ ಹೊರಗೆ ಕಂಡ್ರೂ ನಾನು ಅವನ ಜೊತೆ ಸೊರಬದ ಬಸ್ಸು ಹತ್ತಿದೆ ಅಂತ ತಿಳ್ಕೊಳ್ರಿ. ತಿರುಗಿ ಬರಲ್ಲ."

ಚೌಡಪ್ಪ ಅಂದ್ರೆ ಅವಳ ತಮ್ಮ, ಸೊರಬದಾಗಿರೋನು. ಬಸಕ್ಕ ಸುಮ್ನೆ ಹೆದರಿಸೋಳಲ್ಲ. ಹಕ್ಕಿ ಇಲ್ದೆ ಹೆಂಗೋ ಬದುಕಬೋದು. ಬಸಕ್ಕ ಇಲ್ದಿದ್ರೆ ನಂಗೆ ಉಪ್ಪಿನ ಗಡಿಗೆ ಎಲ್ಲೈತೆ ಅಂತಲೂ ಗೊತ್ತಾಗಲ್ಲ.

ಕಾಳು ತುಂಬೋ ಹಿಂದಿನ ಕೋಣೆ ಖಾಲಿ ಮಾಡಿದೆ, ಬಸಕ್ಕನ ಟ್ರಂಕು ಒಂದು ಬಿಟ್ಟು. ಅದರ ಹಳೇ ಬಾಗ್ಲು ಯಾವಾಗ್ಲೋ ಗೆದ್ದಲಿನ ಹೊಟ್ಟೆ ಸೇರಿತ್ತು. ಪೇಟೆ ಬೀದಿ ಬಡಗಿ ಪೀರ್ ಸಾಬ್ರು, "ಉಜ್ಜಪ್ಪಣ್ಣ, ನಾನು ಮಾಡ್ಕೊಡ್ತೀನಿ, ನೀವು ಕೂತು ಕಾಳು ಹಾಕ್ರಿ ಸಾಕು" ಅಂದ್ರು. ಕೇಳ್ಲಿಲ್ಲ. ಅವರ ಹತ್ರನೇ ಉಳಿ, ಗರಗಸ ಇಸ್ಕೊಂಡು ಬಂದೆ.

ನಾಕು ಪಟ್ಟಿ ಜೋಡ್ಸಿ ಚೌಕಟ್ಟು ಮಾಡಿ, ತಂತಿ ಬಲೆ ಹೊಡೆದೆ. ನಿಲ್ಲಿಸಿ ನೋಡಿದ್ರೆ ಬಾಗ್ಲು ಒಂದು ಬೆರಳು ದೊಡ್ಡದು. ಕೆತ್ತಿದೆ. ಸಂದಿನಾಗೆ ಮೈನಾ ತೂರೋಷ್ಟು ಸಣ್ಣದಾತು. ಪಟ್ಟಿ ಬಡಿದೆ, ಮತ್ತೆ ದೊಡ್ಡದಾತು. ಮತ್ತೆ ಕೆತ್ತಿದೆ. ಮೂರು ದಿನ ಹಿಂಗೇ. ಬಿದ್ದ ಚಕ್ಕೆನಾಗೆ ಅರ್ಧ ಬೀದಿ ಸ್ನಾನದ ನೀರು ಕಾಯಿಸ್ಕೊಂತು. ಬಾಗ್ಲು ತಿರುಗೋ ಕೀಲಿಗೆ ನನ್ನ ಚಪ್ಪಲಿ ಕೊಯ್ದೆ. ಬಲಗಾಲಿಂದು ಮೇಲೆ, ಎಡಗಾಲಿಂದು ಕೆಳಗೆ. ಕೊನೆಗೆ ಸಾಗುವಾನಿ ತುಂಡಿನಾಗೆ ಅಗಳಿ ಕೆತ್ತಿ, ಹರಳೆಣ್ಣೆ ಸವರಿ ಕೂರಿಸಿದೆ. ಬೆರಳು ತಾಗಿದ್ರೆ ಸಾಕು, ಸರಕ್ಕಂತ ಜಾರ್ತಿತ್ತು. ಅಷ್ಟೂ ದಿನ ಪಟೇಲ ನನ್ನ ಹೆಗಲ ಮೇಲೆ ಕೂತು ಮೇಸ್ತ್ರಿ ತರ ನೋಡ್ತಿದ್ದ.

ಭಾನುವಾರ ಮಧ್ಯಾಹ್ನ ಹಕ್ಕಿನೆಲ್ಲಾ ಒಳಗೆ ಕೂಡಿ, ನಾನೂ ಒಳಗೆ ಹೋಗಿ ಅಗಳಿ ಹಾಕಿ, ಬಲೆಯೊಳಗಿಂದ ಬಸಕ್ಕನ್ನ ಕರೆದೆ.

"ಚೆಂದ ಆಗೈತೆ," ಅಂದ್ಲು. "ಈಗ ನೀವು ಹೊರಗೆ ಬರ್ರಿ."

ಬಂದೆ. ನನಗಿಂತ ಮುಂಚೆ ಹದಿನೇಳು ಹಕ್ಕಿ ಬಂದ್ವು.

ಅಗಳಿ ಒಳಗಡೆ ಇತ್ತು. ಮನೆ ಬಾಗ್ಲಿಗೆಲ್ಲ ಒಳಗೇ ಅಲ್ವಾ ಇರೋದು, ನಾನೂ ಹಂಗೇ ಇಟ್ಟಿದ್ದೆ. ಅಗಳಿ ಹಾಕ್ಬೇಕಂದ್ರೆ ನಾನು ಒಳಗಿರ್ಬೇಕು. ನಾನು ಹೊರಗೆ ಬಂದ್ರೆ ಚಪ್ಪಲಿ ಕೀಲು ಎಳೆದು ಬಾಗ್ಲು ತಾನೇ ತೆರ್ಕೊಂತಿತ್ತು.

ಉಳಿ ವಾಪಸ್ ಕೇಳೋಕೆ ಬಂದಿದ್ದ ಪೀರ್ ಸಾಬ್ರು ಅಂಗಳಕ್ಕೆ ಹೋಗಿ ಬಾಯಾಗಿನ ಎಲೆಅಡಿಕೆ ಉಗುಳಿ ಬಂದು, ಆಮೇಲೆ ಸಮಾಧಾನದಿಂದ ನಕ್ರು. "ಅಣ್ಣ, ಹಕ್ಕಿ ಗೂಡಿಗೆ ಅಗಳಿ ಹೊರಗಿರ್ಬೇಕು."

"ಹೊರಗೆ ಅಗಳಿ ಇರೋದು ಜೈಲಿಗೆ," ಅಂದೆ. "ಚಳವಳಿನಾಗೆ ಜೈಲು ಕಂಡ ಈಸೂರಿನೋರ್ನ ಕೇಳ್ರಿ, ಹೇಳ್ತಾರೆ. ನಮ್ಮ ಹಕ್ಕಿ ಏನು ತಪ್ಪು ಮಾಡ್ಯಾವೆ?"

ನಿಜ ಹೇಳ್ಬೇಕಂದ್ರೆ ನಂಗದು ಹೊಳೆದೇ ಇರ್ಲಿಲ್ಲ. ಆದ್ರೆ ಪೀರ್ ಸಾಬ್ರ ಮುಂದೆ ಅಷ್ಟು ದೊಡ್ಡ ಮಾತಾಡಿದ ಮೇಲೆ ಅಗಳಿ ಕಿತ್ತು ಹೊರಗೆ ಹಾಕೋಕಾಗ್ತೈತಾ?

ಉಳಿದಿದ್ದು ಒಂದೇ ದಾರಿ. ಒಳಗೆ ಅಗಳಿ ಹಾಕಿ, ಆ ಕೋಣೆನಾಗಿದ್ದ ಬಸಕ್ಕನ ಟ್ರಂಕು ಉದ್ದಕ್ಕೆ ನಿಲ್ಲಿಸಿ, ಅದರ ಮೇಲೆ ನಿಂತು ನಾಕು ಹೆಂಚು ಸರಿಸಿ, ಮಾಡಿನ ಮೇಲಿಂದ ಹೊರಗೆ ಬಂದು ಮತ್ತೆ ಹೆಂಚು ಮುಚ್ಚೋದು. ಸಂಜೆ ತನಕ ಹನ್ನೊಂದು ಸಲ ಹತ್ತಿ ಇಳಿದೆ. ನೀರಿಗೆ ಹೋಗೋ ಹೆಂಗಸ್ರು, "ಏ, ಉಜ್ಜಪ್ಪ ಹುಟ್ಟಿದ ನೋಡ್ರೇ" ಅಂತ ಸೂರ್ಯನ ತೋರಿಸಿದಂಗೆ ನನ್ನ ತೋರಿಸ್ತಿದ್ರು.

ಸೋಮವಾರ ಬೆಳಗ್ಗೆ ಚೌಡಪ್ಪ ಬಂದ. ಕೋಣೆ ಬಾಗ್ಲು ದೂಡಿ ನೋಡ್ದ. ಅಲ್ಲಾಡ್ಲಿಲ್ಲ. ಒಂದು ಹಕ್ಕಿನೂ ಹೊರಗಿರ್ಲಿಲ್ಲ.

"ಅಡ್ಡಿಲ್ಲ ಮಾರಾಯ್ತಿ," ಅಂದ. "ಭಾವ ಎಲ್ಲಿ?"

"ಮೇಲೆ," ಅಂದ್ಲು ಬಸಕ್ಕ.

ಮೇಲೇ ಇದ್ದೆ. ಕಾಳು ಹಾಕಿ ಹೊರಡೋವಾಗ ಟ್ರಂಕು ಕಾಲ ಕೆಳಗಿಂದ ಜಾರಿ ಬಿದ್ದಿತ್ತು. ಎದೆ ಬೀದಿ ಕಡಿಗೆ, ಕಾಲು ಹಕ್ಕಿ ಕಡಿಗೆ, ಸೀಸೆಗೆ ಬಿರಡೆ ಹಾಕಿದಂಗೆ ಸಿಕ್ಕೊಂಡಿದ್ದೆ. ಹಿಂದಿನ ದಿನ ಬಸಕ್ಕನ ರೊಟ್ಟಿ ಒಂಬತ್ತು ತಿಂದಿದ್ದೆ, ಇನ್ಮೇಲೆ ಸಿಗ್ತಾವೋ ಇಲ್ವೋ ಅಂತ.

ಚೌಡಪ್ಪ ಬೀದಿಗೆ ಬಂದು ತಲೆ ಎತ್ತಿದ. "ಎಂತ ಭಾವ, ಬಾಗ್ಲು ಇರೂದು ಜನ ಹೋಗಿ ಬರೂಕೆ ಅಲ್ದಾ?"

"ಇದು ಹಕ್ಕಿ ಬಾಗ್ಲು," ಅಂದೆ.

"ಅಕ್ಕ, ಇಂಥಾ ಮನೇಲಿ ನೀ ಇರೂದು ಬ್ಯಾಡ, ಟ್ರಂಕು ತಗ. ಬಸ್ಸಿನ ಹೊತ್ತಾತು."

ಟ್ರಂಕು ಒಳಗೆ, ಅಗಳಿನೂ ಒಳಗೆ. ದೂರದಾಗೆ ಬಸ್ಸು ಹಾರನ್ ಹೊಡೆದಿದ್ದು ಊರಿಗೆಲ್ಲ ಮೊದ್ಲು ಕೇಳಿದ್ದು ನಂಗೆ, ಅಷ್ಟು ಎತ್ತರದಾಗಿದ್ದೆ.

ಬಸಕ್ಕ ಬಾಗ್ಲು ಬಡಿದ್ಲು, ದೂಡಿದ್ಲು. ಆಮೇಲೆ, ಅದು ಮನಿಗೆ ಬಂದಾಗಿಂದ ಮೊದಲ್ನೇ ಸಲ, ಗಿಳಿಗೆ ಮರ್ಯಾದೆ ಕೊಟ್ಟು ಮಾತಾಡಿದ್ಲು.

"ಪಟೇಲ್ರೆ, ಬಾಗ್ಲು ತೆಗೀರಿ."

"ಯಾರದು?" ಅಂತ ಒಳಗಿಂದ ಬಂತು. ಬಸಕ್ಕನ್ದೇ ದನಿ, ಬಸಕ್ಕನ್ದೇ ಗತ್ತು.

"ನಾನ್ರಿ, ಬಸಕ್ಕ."

ಸರಕ್ಕಂತ ಅಗಳಿ ಜಾರಿತು. ಅವಳು ಒಳಗೆ ಬಂದು ಬಾಗ್ಲು ದೂಡಿ ಹಿಡಿದ್ಲು. ಪಟೇಲ ಕೊಕ್ಕಿನಾಗೆ ಅಗಳಿ ವಾಪಸ್ ಹಾಕ್ದ. ಒಂದು ಪುಕ್ಕ ಹೊರಗೆ ಹೋಗ್ಲಿಲ್ಲ.

"ಹೆಂಚು ಮುಚ್ಕೊಂತ ಇಳೀರಿ," ಅಂತ ಬಸಕ್ಕ ಕಾಲು ಹಿಡಿದು ಜಗ್ಗಿದ್ಲು. ಹೆಂಚು ಎಳ್ಕೊಂತ ನಾನು ಬಂದೆ. ಅಂಗಿ ಮಾಡಿನ ಮೇಲೇ ಉಳೀತು.

ಎದ್ದು ಅಂದೆ, "ಪಟೇಲ, ಅಗಳಿ ತೆಗಿಯೋ."

"ಅವ್ರು ಮನೇಲಿಲ್ಲ," ಅಂತು ಗಿಳಿ. "ಸಂಜಿಗೆ ಬರ್ರಿ."

ನನ್ನ ಹುಡುಕ್ಕೊಂಡು ಯಾರಾದ್ರೂ ಬಂದ್ರೆ ಬಸಕ್ಕ ಹೇಳೋ ಮಾತದು. ಬಸಕ್ಕ ಟ್ರಂಕಿನ ಮೇಲೆ ಕುಸಿದು ಕೂತು, ಸೆರಗು ಬಾಯಿಗಿಟ್ಕೊಂಡು ನಕ್ಕಿದ್ದೇ ನಕ್ಕಿದ್ದು.

ಹೊರಗೆ ಚೌಡಪ್ಪ, "ಅಕ್ಕ, ಬಸ್ಸು ಹೊಂಟೇ ಹೋತು ಕಣೆ" ಅಂತಿದ್ದ.

"ಹೋಗ್ಲಿ ಬಿಡೋ," ಅಂದ್ಲು ಬಸಕ್ಕ ಕಣ್ಣು ಒರೆಸ್ಕೊಂತ. "ನಾನು ಸೊರಬಕ್ಕೆ ಬಂದು ಕೂತ್ರೆ ಇವ್ರನ್ನ ಒಳಗೆ ಬಿಡೋರ್ಯಾರು, ಹೊರಗೆ ಬಿಡೋರ್ಯಾರು?"

ಈಗ್ಲೂ ಹಕ್ಕಿಗೆ ಕಾಳು ಹಾಕ್ಬೇಕಂದ್ರೆ ನಾನು ಬಾಗ್ಲ ಮುಂದೆ ನಿಂತು ಬಸಕ್ಕನ್ನ ಕರೀಬೇಕು, ಬಸಕ್ಕ ಪಟೇಲ್ರನ್ನ ಕೇಳ್ಬೇಕು. ಒಂದೊಂದ್ಸಲ ಬರೀ "ಸಂಜಿಗೆ ಬರ್ರಿ" ಅಂತ ಕೇಳಿಸ್ತೈತೆ. ಹೇಳಿದ್ದು ಗಿಳಿನೋ ಬಸಕ್ಕನೋ ಗೊತ್ತಾಗಲ್ಲ. ಯಾರೇ ಹೇಳ್ಲಿ, ಸಂಜಿಗೆ ಹೋಗ್ತೀನಿ.