ಬೆರಳಿಗೊಂದು ಆಸರೆ

ಮೂರನೆಯ ಸಲ ಎಸೆದಾಗಲೂ ಹಗುರ ಮರದ ಪುಟ್ಟ ಗ್ಲೈಡರ್ ವಿಮಾನ ಆಳೆತ್ತರಕ್ಕಿಂತ ತುಸು ಮೇಲೆ ಹೋಗಿ, ಬಲಕ್ಕೆ ಹೊರಳಿ, ಮೂಗು ಮುಂದಾಗಿ ಹುಲ್ಲಿಗೆ ಬಿತ್ತು. ಮಗಳು ಹೋಗಿ ಎತ್ತಿಕೊಂಡು ಬಂದಳು. ಅಪ್ಪ ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಕೂತೇ ಇದ್ದ.

"ಬಕೆಟ್ ನೀರು ಚೆಲ್ಲಿದ ಹಾಗೆ ಎಸೆದರೆ ಯಾವುದು ತಾನೇ ಹಾರುತ್ತೆ?" ಎಂದ.

ಅವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಇಪ್ಪತ್ತು ವರ್ಷ ಗಾಜಿನ ಹಾಳೆ ಹೊತ್ತು ಬಲತೋಳು ಕಿವಿಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಹಾಗಾಗಿ ನಕ್ಷೆ ಬರೆಯುವುದು, ಹಗುರ ಮರ ಕೊಯ್ಯುವುದು, ರೆಕ್ಕೆ ಉಜ್ಜಿ ನಯ ಮಾಡುವುದು ಅವನ ಕೆಲಸ, ಎಸೆಯುವುದು ಹೆಂಡತಿಯದು. ಭಾನುವಾರ ಬಂತೆಂದರೆ ಅವಳು ನಾಲ್ಕು ಹೆಜ್ಜೆ ಓಡಿ ಕೈ ಬೀಸುತ್ತಿದ್ದಳು, ಗ್ಲೈಡರ್ ಮರಗಳ ತಲೆ ದಾಟುತ್ತಿತ್ತು. ಬಿದ್ದದ್ದನ್ನು ಹೆಕ್ಕಿ ತರುವುದು ಮಗಳ ಪಾಲಿಗೆ. ಒಮ್ಮೆಯಾದರೂ ತಾನು ಎಸೆಯಬೇಕೆಂಬ ಆಸೆ ಅವಳ ಗಂಟಲವರೆಗೆ ಬಂದು ಹಾಗೇ ಇಳಿದುಹೋಗುತ್ತಿತ್ತು.

ಆರು ವರ್ಷದ ಹಿಂದೆ ಹೆಂಡತಿ ಅವನನ್ನು ಬಿಟ್ಟು, ಬೇರೊಬ್ಬನನ್ನು ಮದುವೆಯಾಗಿ ದೂರದ ಊರು ಸೇರಿದಳು. ಆಮೇಲೆ ಅವನು ಆ ಮರ ಮುಟ್ಟಲಿಲ್ಲ. ಈ ಬೇಸಿಗೆಯಲ್ಲಿ ಏನನ್ನಿಸಿತೋ, ಮತ್ತೆ ನಕ್ಷೆಯ ಹಾಳೆ ಹಾಸಿ ಕೂತ. ನಿನ್ನೆ ಮಗಳಿಗೆ, ನಾಳೆ ನಿನ್ನ ಔಷಧದಂಗಡಿಗೆ ರಜೆ ತಾನೇ, ನೀನೇ ಎಸಿ ಎಂದಿದ್ದ. ಇಪ್ಪತ್ತಾರು ವರ್ಷದವಳು, ಬೆಳಗ್ಗೆ ಐದಕ್ಕೇ ಎದ್ದು ತಯಾರಾಗಿ ಕೂತಿದ್ದಳು.

ರೆಕ್ಕೆಯ ಹಿಂದೆ, ಎಸೆಯುವಾಗ ತೋರುಬೆರಳು ಒತ್ತಲೆಂದು ಅಪ್ಪ ಒಂದು ಚೂರು ಮರ ಅಂಟಿಸುತ್ತಿದ್ದ. ಅದು ಇವತ್ತು ಅವಳ ಬೆರಳಿಗೆ ಸಿಗುತ್ತಲೇ ಇರಲಿಲ್ಲ. ತಿರುಗಿಸಿ ನೋಡಿದಳು. ಆಚೆ ಬದಿಯಲ್ಲಿತ್ತು. ಬಾಲದ ತುದಿಯೂ ಬಲಕ್ಕೆ ಬಾಗಿತ್ತು. ಗ್ಲೈಡರನ್ನು ಎಡಗೈಗೆ ದಾಟಿಸಿದಳು. ಬೆರಳು ತಾನಾಗಿ ಹೋಗಿ ಅದರ ಮೇಲೆ ಕೂತಿತು. ಅವಳ ತಾಯಿ ಎಡಗೈಯವಳು.

"ಅಪ್ಪ, ಇದನ್ನ ಅಮ್ಮನ ಕೈಗೆ ಮಾಡಿದೀಯ."

ಅವನು ಗ್ಲೈಡರ್ ನೋಡಿದ, ಅವಳ ಕೈ ನೋಡಿದ. ನಾಲ್ಕು ತಿಂಗಳು ತಲೆ ಬಗ್ಗಿಸಿ ಅಳೆದು ಕೊಯ್ದವನಿಗೆ ಒಮ್ಮೆಯೂ ಅದು ಹೊಳೆದಿರಲಿಲ್ಲ. ಈಗಲೇ ಸರಿ ಮಾಡುತ್ತೇನೆಂದು ಇಸಿದುಕೊಂಡು, ಬಾಲದ ಮರ ಮೆತ್ತಗಾಗಲೆಂದು ಅದಕ್ಕೆ ಬಿಸಿಯುಸಿರು ಊದತೊಡಗಿದ. ಇನ್ನೇನು ಬಲಗೈ ಎಸೆತಕ್ಕೆ ಹೊಂದುವಂತೆ ಎಡಕ್ಕೆ ಬಾಗಿಸಬೇಕು, ಬೆರಳುಗಳು ಅಲ್ಲೇ ನಿಂತವು. ಎಷ್ಟು ಹೊತ್ತಾದರೂ ಅಲುಗಲಿಲ್ಲ.

ಮಗಳು ಮೆಲ್ಲಗೆ ಅದನ್ನು ಅವನ ಕೈಯಿಂದ ಬಿಡಿಸಿಕೊಂಡಳು.

"ಇದು ಹೀಗೇ ಇರಲಿ. ನನಗೆ ಬೇರೇದು ಮಾಡಿಕೊಡು."

ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಮೇಜಿನ ಮೇಲೆ ಹೊಸ ಹಾಳೆ ಹಾಸಿ, ಸುರುಳಿ ಸುತ್ತದಂತೆ ಮೂಲೆಗಳಿಗೆ ಮೊಳೆಯ ಡಬ್ಬಿಗಳನ್ನು ಹೇರಿ, ಅವಳನ್ನು ಕರೆದ. ಕೈ ಇಡು ಎಂದ. ಅವಳು ಬಲಗೈಯ ಬೆರಳು ಅಗಲಿಸಿ ಇಟ್ಟಳು. ಪೆನ್ಸಿಲ್ ಹೆಬ್ಬೆರಳಿಂದ ಹೊರಟು, ಒಂದೊಂದೇ ಬೆರಳು ಹತ್ತಿ ಇಳಿದು, ಕಿರುಬೆರಳು ದಾಟಿ ಮಣಿಕಟ್ಟಿನ ಬಳಿ ಬಂದು ನಿಂತಿತು. ಗೆರೆ ಮುಗಿದಿತ್ತು. ಅವಳು ಕೈ ತೆಗೆಯಲಿಲ್ಲ. ಅವನೂ ತೆಗಿ ಎನ್ನಲಿಲ್ಲ.