ಹೋ ಅನ್ನಬಾರದ ಗಾಣ

ನಮ್ಮ ಕಬ್ಬಿನ ಗಾಣಕ್ಕೆ ಎಂಜಿನ್ ಬರುವ ಮೊದಲು ಅದನ್ನು ನಡೆಸುತ್ತಿದ್ದವರು ಎರಡು ಎತ್ತು, ದ್ಯಾಮಪ್ಪ ಮತ್ತು ಅವನ ಹೆಂಡತಿ ಹೊಳೆವ್ವ. ದ್ಯಾಮಪ್ಪ ಎತ್ತುಗಳ ಹಿಂದೆ ಸುತ್ತುತ್ತಿದ್ದ. ಹೊಳೆವ್ವ ನಡುವೆ ಕುಳಿತು ಕಬ್ಬನ್ನು ಉರುಳೆಗಳ ಬಾಯಿಗೆ ಕೊಡುತ್ತಿದ್ದಳು. ರವದಿಯ, ಅಂದರೆ ಕಬ್ಬಿನ ಗರಿಯ, ಅಂಚು ಕೊಯ್ಯದಿರಲೆಂದು ಬಲಗೈಗೆ ಹಳೆಯ ಅರಿವೆ ಸುತ್ತಿಕೊಳ್ಳುತ್ತಿದ್ದಳು. ವರ್ಷಕ್ಕೆ ಒಂದೆರಡು ಸಲ ಆ ಅರಿವೆಯ ಚುಂಗು ಉರುಳೆಗೆ ಸಿಕ್ಕುವುದಿತ್ತು. ಆಗ ದ್ಯಾಮಪ್ಪ ‘ಹೋ’ ಅನ್ನುತ್ತಿದ್ದ. ಎತ್ತುಗಳು ನಿಂತ ಕಾಲಲ್ಲೇ ನಿಲ್ಲುತ್ತಿದ್ದವು. ಅವುಗಳನ್ನು ಎರಡು ಹೆಜ್ಜೆ ಹಿಂದಕ್ಕೆ ಸರಿಸಿದರೆ ಉರುಳೆಗಳು ತಿರುಗುಮುರುಗಾಗಿ ಅರಿವೆಯನ್ನು ಬಿಟ್ಟುಕೊಡುತ್ತಿದ್ದವು. ಚಿಕ್ಕಂದಿನಿಂದ ನಾನು ಇದನ್ನು ನೋಡಿದ್ದೆ. ಎತ್ತುಗಳನ್ನು ನೋಡುತ್ತಿದ್ದೆ, ಉರುಳೆಗಳನ್ನು ನೋಡುತ್ತಿದ್ದೆ. ಆ ಗಳಿಗೆಯಲ್ಲಿ ಹೊಳೆವ್ವ ಏನು ಮಾಡುತ್ತಿದ್ದಳೆಂಬುದನ್ನು ಮಾತ್ರ ಎಂದೂ ಗಮನಿಸಿರಲಿಲ್ಲ.

ಧಾರವಾಡದಲ್ಲಿ ಭೌತಶಾಸ್ತ್ರ ಓದಿ ನಾನು ತೇರಗಾಂವಕ್ಕೆ ಮರಳಿದ್ದು ೧೯೩೭ರಲ್ಲಿ. ಎತ್ತಿನ ಗಾಣ ಕಬ್ಬಿನಲ್ಲಿ ಎಷ್ಟು ರಸ ಬಿಟ್ಟುಬಿಡುತ್ತದೆಂದು ತೂಕ ಮಾಡಿ ಅಪ್ಪನಿಗೆ ತೋರಿಸಿದೆ. ಅಪ್ಪ ಶೇಖಪ್ಪ ಒಂದು ಸುಗ್ಗಿ ಯೋಚಿಸಿ, ಮರುವರ್ಷ ಎಂಜಿನ್ನಿಗೆ ಒಪ್ಪಿದರು. ಅದನ್ನು ಹೂಡಿ ನಡೆಸಲು ಹಳಿಯಾಳದಿಂದ ಮಜೀದ ಬಂದ. ದಾಂಡೇಲಿಯಲ್ಲಿ ಕಟ್ಟಿಗೆ ಕೊಯ್ಯುವ ಕಡೆ ಎಂಜಿನ್ ಕಲಿತವನು, ನಲವತ್ತು ದಾಟಿದವನು, ಮಾತು ಕಡಿಮೆ.

ಎಂಜಿನ್ ಎಲ್ಲಿಡಬೇಕೆಂಬುದನ್ನು ನಿರ್ಧರಿಸಿದವನು ನಾನು. ಎಣ್ಣೆಯ ಹೊಗೆ ಬೆಲ್ಲಕ್ಕೆ ಹತ್ತಬಾರದೆಂದು ಗಾಣಕ್ಕೂ ಎಂಜಿನ್ನಿಗೂ ನಡುವೆ ಗೋಡೆ ಕಟ್ಟಿಸಿದೆ. ಗೋಡೆಯಲ್ಲಿ ಒಂದು ಕಿಂಡಿ. ಅದರೊಳಗಿಂದ ಎಂಜಿನ್ನಿನ ಪಟ್ಟಾ, ಅಂದರೆ ಚರ್ಮದ ಬೆಲ್ಟು, ಹಾದುಬಂದು ಉರುಳೆಗಳನ್ನು ತಿರುಗಿಸುತ್ತಿತ್ತು. ಪಟ್ಟಾ ಸರಿಸಿ ಗಾಣ ನಿಲ್ಲಿಸುವ ಹಿಡಿಕೆಯನ್ನು ಎಂಜಿನ್ನಿನ ಬದಿಗೇ ಇಡಿಸಿದೆ. ಗಾಣದ ಬದಿಗೆ, ಪಟ್ಟಾವನ್ನು ಹೊಡೆದು ಬೀಳಿಸಲು ಒಂದು ಬಡಿಗೆಯನ್ನು ಗೋಡೆಗೆ ಆನಿಸಿಟ್ಟಿದ್ದೆವು. ನಕ್ಷೆಯನ್ನು ನಾನೇ ಬರೆದಿದ್ದೆ. ಅದರಲ್ಲಿ ಅಳತೆಗಳೆಲ್ಲ ಸರಿಯಾಗಿದ್ದವು.

ಗೋಡೆ ಎದೆಯೆತ್ತರಕ್ಕೆ ಬಂದ ದಿನ ಮಜೀದ ನನ್ನ ಹತ್ತಿರ ಬಂದ.

“ಸಾವ್ಕಾರ್ರ, ಇಲ್ಲಿಂದ ನನಗ ಗಾಣ ಕಾಣೂದಿಲ್ರಿ. ಒಂದು ಕಿಡಕಿ ಬಿಡ್ರಿ.”

“ಕಾಣಾಕ ಏನೈತಿ, ಮಜೀದ? ನೀ ಎಂಜಿನ್ ನೋಡು. ಗಾಣ ನೋಡಾಕ ನಾವದೀವಿ,” ಎಂದೆ.

ಅವನು ಮತ್ತೆ ಕೇಳಲಿಲ್ಲ.

ಎತ್ತುಗಳು ಹೊಲಕ್ಕೆ ಹೋದವು. ದ್ಯಾಮಪ್ಪನಿಗೆ ಹಿಂಡಿದ ಸಿಪ್ಪೆಯನ್ನು ಹೊರಗೆ ಹರವಿ ಒಣಗಿಸುವ ಕೆಲಸ ಬಂತು. ಹೊಳೆವ್ವ ಮಾತ್ರ ಅದೇ ಜಾಗದಲ್ಲಿ, ಅದೇ ಅರಿವೆ ಸುತ್ತಿಕೊಂಡು ಕುಳಿತಳು. ಕಬ್ಬು ಕೊಡುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಿನ ಹಳ್ಳಿಗಳಲ್ಲಿ ಇರಲಿಲ್ಲ. ಅವಳಿಗೆ ಹೊಸದಾಗಿ ಏನನ್ನಾದರೂ ಹೇಳಿಕೊಡಬೇಕೆಂದು ನನಗೆ ಅನ್ನಿಸಲೂ ಇಲ್ಲ.

ಜನವರಿಯ ಒಂದು ಮಧ್ಯಾಹ್ನ. ರಸದ ಸಾಂದ್ರತೆ ಅಳೆಯುವುದಕ್ಕಾಗಿ ನಾನು ಗಾಜಿನ ಪಾತ್ರೆಯಲ್ಲಿ ರಸ ಹಿಡಿದುಕೊಂಡು ಹೊಳೆವ್ವನಿಂದ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅವಳ ಅರಿವೆಯ ಚುಂಗು ಕಬ್ಬಿನ ಜೊತೆ ಒಳಗೆ ಹೋದದ್ದು ನನಗೆ ಕಾಣಿಸಿತು. ಬಡಿಗೆ ನನ್ನ ಎಡಗೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ಆ ಎಂಜಿನ್ನಿನ ಪ್ರತಿಯೊಂದು ಭಾಗದ ಹೆಸರು ಬಲ್ಲ ನಾನು ಬಡಿಗೆಗೆ ಕೈ ಹಾಕಲಿಲ್ಲ. ದೊಡ್ಡ ದನಿ ತೆಗೆದು “ಹೋ” ಎಂದೆ. ಇನ್ನೊಮ್ಮೆ “ಹೋ” ಎಂದೆ.

ಹೊಳೆವ್ವ ಅಲುಗಾಡದೆ ಕುಳಿತಿದ್ದಳು. ಅಂಜಿಕೆಯಿಂದ ಮರಗಟ್ಟಿದ್ದಾಳೆಂದು ನಾನು ತಿಳಿದೆ. ಅರಿವೆ ಬಿಗಿಯಿತು, ಬೆರಳು ಹೋದವು, ಅಂಗೈ ಹೋಯಿತು. ಎಲುಬು ಸಿಕ್ಕಾಗ ಪಟ್ಟಾ ಜಾರಿ ಉರುಳೆಗಳು ತಾವಾಗಿಯೇ ನಿಂತವು. ಎಂಜಿನ್ನಿನ ಸದ್ದು ಬದಲಾದದ್ದನ್ನು ಕೇಳಿ ಮಜೀದ ಗೋಡೆ ಸುತ್ತಿ ಓಡಿ ಬಂದ. ಉರುಳೆಗಳನ್ನು ಹಿಂದಕ್ಕೆ ತಿರುಗಿಸಿ ಅವಳ ಕೈ ಬಿಡಿಸಿದವನು ಅವನೇ. ತನ್ನ ರುಮಾಲು ಹರಿದು ಕಟ್ಟಿದವನೂ ಅವನೇ. ಗಾಜಿನ ಪಾತ್ರೆ ನನ್ನ ಕೈಯಲ್ಲಿ ಹಾಗೆಯೇ ಇತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ.

ಹೊಳೆವ್ವನನ್ನು ಧಾರವಾಡದ ದವಾಖಾನೆಗೆ ಸಾಗಿಸಿದೆವು. ಮಣಿಕಟ್ಟಿನ ಮೇಲಿನಿಂದ ಕೈ ಕತ್ತರಿಸಿ ತೆಗೆಯಬೇಕಾಯಿತು.

ನಾಲ್ಕನೆಯ ದಿನ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತರು. ಮಜೀದನನ್ನು ಎದುರಿಗೆ ನಿಲ್ಲಿಸಿದರು. ಅವನು ಬೀಡಿ ಸೇದಲು ಹೋಗಿದ್ದನೆಂದು ಒಬ್ಬರು, ಕೂತಲ್ಲೇ ತೂಕಡಿಸುತ್ತಿದ್ದನೆಂದು ಇನ್ನೊಬ್ಬರು ಅಂದರು. ನೋಡಿದವರು ಯಾರೂ ಇರಲಿಲ್ಲ. ಹಿರಿಯರಲ್ಲಿ ದೊಡ್ಡವರಾದ ಶಿವಲಿಂಗಪ್ಪ ಕೇಳಿದರು:

“ಎಂಜಿನ್ ನಿಲ್ಲಸಾಂವ ನೀನ. ಶೇಖಪ್ಪನ ಮಗ ಒದರಿದ್ದು ಊರ ಅಗಸೀತನಕ ಕೇಳೈತಿ. ನಿನಗೊಬ್ಬಗ ಕೇಳಲಿಲ್ಲ?”

“ಎಂಜಿನ್ ಮಗ್ಗಲಕ ನಿಂತಾವಗ ಎಂಜಿನ್ ಒಂದ ಕೇಳತೈತ್ರಿ,” ಎಂದ ಮಜೀದ.

ಆಮೇಲೆ ನನ್ನ ಕಡೆ ನೋಡಿದ. ಕಿಡಕಿಯ ಮಾತನ್ನು ಅವನು ಎತ್ತಲಿಲ್ಲ. ಅದನ್ನು ನನಗೆ ಬಿಟ್ಟಿದ್ದ. ನಾನು ನನ್ನ ಚಪ್ಪಲಿಯ ಉಂಗುಟ ನೋಡುತ್ತ ಕೂತೆ. ಅಪ್ಪನಿಗೆ ಕಿಡಕಿಯ ಸಂಗತಿ ಗೊತ್ತಿರಲಿಲ್ಲ. ಇನ್ನು ಮೇಲೆ ಬರುವುದು ಬೇಡವೆಂದು ಮಜೀದನಿಗೆ ಹೇಳಿದರು. ಅವನು ನಟ್ಟು ತಿರುಗಿಸುವ ತನ್ನ ಪಾನೆಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಹಳಿಯಾಳದ ದಾರಿ ಹಿಡಿದ. ಮಾತು ಅವನಿಗಿಂತ ಮುಂಚೆ ಅಲ್ಲಿ ಮುಟ್ಟಿತ್ತು. ನಿದ್ದೆಗಣ್ಣಿನ ಮಿಸ್ತ್ರಿ, ಒಬ್ಬ ಹೆಣ್ಣುಮಗಳ ಕೈ ತೆಗೆದ ಎಂಬುದು ಮುಂಡಗೋಡದವರೆಗೂ ಹೋಯಿತು. ಆ ಸುಗ್ಗಿಯಲ್ಲಿ ಅವನನ್ನು ಯಾವ ಗಾಣದವರೂ ಕರೆಯಲಿಲ್ಲ.

ಮೂರು ವಾರಗಳ ನಂತರ ನಾನು ಧಾರವಾಡಕ್ಕೆ ಹೋದೆ. ಹೊಳೆವ್ವ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಸೆರಗಿನಿಂದ ಕೈ ಮುಚ್ಚಿಕೊಂಡಳು. ಊರಿನ ಸುದ್ದಿ, ಬೆಲ್ಲದ ಸುದ್ದಿ ಎಲ್ಲ ಕೇಳಿದಳು. ಹೊರಡುವ ಮೊದಲು, ಅಂದು ಅಷ್ಟೊಂದು ಅಂಜಿಕೆಯಾಗಿತ್ತೇ ಎಂದು ನಾನು ಕೇಳಿದೆ.

“ಅಂಜಿಕಿ ಎಲ್ಲೀದ್ರಿ? ಅರಿವಿ ಸಿಕ್ಕಿದ್ದು ಗೊತ್ತಾತು. ಜಗ್ಗೂದರಾಗಿದ್ದೆ. ಅಷ್ಟರಾಗ ನೀವು ಹೋ ಅಂದ್ರಿ. ನಿಂತೆ.”

ನನಗೆ ಅರ್ಥವಾಗಲಿಲ್ಲ. ಯಾಕೆ ನಿಲ್ಲಬೇಕಿತ್ತು ಎಂದೆ. ಏನೂ ಬಾರದ ಕೂಸಿಗೆ ಹೇಳುವಂತೆ ಅವಳು ಹೇಳಿದಳು: “ಹೋ ಅಂದಮ್ಯಾಲೆ ಜಗ್ಗಬಾರದ್ರಿ, ಸಣ್ಣ ಧಣೇರ. ಎತ್ತು ಹಿಂದ ಸರದು ತಾವ ಬಿಡತಾವ. ಜಗ್ಗಿದ್ರ ಬೆರಳ ಮುರೀತಾವ. ಇಪ್ಪತ್ತು ವರ್ಷ ಹಂಗ ಮಾಡೇನಿ. ಎತ್ತಿಲ್ಲ ಅನ್ನೂದು ಕೈಗೆ ನೆನಪಾಗಲಿಲ್ಲ ನೋಡ್ರಿ.”

ಅವಳು ದನಿ ತಗ್ಗಿಸಿ, “ಇದನ್ನ ನಮ್ಮ ಮನಿಯವರ ಮುಂದ ಆಡಬ್ಯಾಡ್ರಿ,” ಎಂದಳು. ಅವಳು ಹೇಳಿದ್ದು ಗಂಡ ದ್ಯಾಮಪ್ಪನ ಬಗ್ಗೆ.

ಅಳ್ನಾವರದವರೆಗಿನ ರೈಲಿನಲ್ಲಿ ನಾನು ಲೆಕ್ಕ ಹಾಕಿದೆ. ಎಂಜಿನ್ನಿನ ಗಾಣದಲ್ಲಿ ಉರುಳೆ ಸೆಕೆಂಡಿಗೆ ನಾಲ್ಕು ಅಂಗುಲ ಎಳೆಯುತ್ತಿತ್ತು. ಅರಿವೆಯ ಚುಂಗು ಐದಾರು ಅಂಗುಲ. ಅಂದರೆ ಬೆರಳಿಗೆ ಮುಟ್ಟುವ ಮೊದಲು ಒಂದು ಸೆಕೆಂಡಿಗಿಂತ ಹೆಚ್ಚು ಸಮಯ ಅವಳಿಗಿತ್ತು. ಅರಿವೆಯನ್ನು ಸಡಿಲವಾಗಿ ಸುತ್ತಿದ್ದಳು. ಜಗ್ಗಿದ್ದರೆ ಕಳಚಿ ಬರುತ್ತಿತ್ತು. ಜಗ್ಗುವುದರಲ್ಲೂ ಇದ್ದಳು. ಆ ಸೆಕೆಂಡನ್ನು ತೆಗೆದುಕೊಂಡದ್ದು ನನ್ನ ದನಿ. ನಾಚಿಕೆಯಾಯಿತು. ಆದರೂ ಒಳಗೆ ಒಂದು ಸಮಾಧಾನವಿತ್ತು: ಹೊಳೆವ್ವ ಧಣಿಯ ಮಗನ ಮಾನ ಕಾಯುತ್ತಿದ್ದಾಳೆ, ಗಂಡನಿಗೂ ಹೇಳುವುದಿಲ್ಲ.

ಮರುವಾರ ನಾನೇ ಕಟ್ಟೆಗೆ ಹೋದೆ. ಮಜೀದ ಕಿಡಕಿ ಕೇಳಿದ್ದ, ನಾನು ಬೇಡವೆಂದಿದ್ದೆ ಎಂದು ಹೇಳಿದೆ. ಬಡಿಗೆ ನನ್ನ ಪಕ್ಕದಲ್ಲೇ ಇತ್ತು, ಅದನ್ನು ಬಿಟ್ಟು ಎಂಜಿನ್ನಿಗೆ ‘ಹೋ’ ಅಂದೆ ಎಂದೂ ಹೇಳಿದೆ. ಆಮೇಲೆ ಶಿವಲಿಂಗಪ್ಪ ಕೇಳಿದರು:

“ಧಾರವಾಡದ ಕಾಲೇಜಿನ್ಯಾಗ ಎಂಜಿನ್ನಿಗೆ ಹೋ ಅನ್ನಾಕ ಕಲಸ್ತಾರೇನಪಾ?”

ಕಟ್ಟೆಯೆಲ್ಲ ನಕ್ಕಿತು. ಅಪ್ಪನೂ ತಲೆ ತಗ್ಗಿಸಿ ನಕ್ಕರು. ನಾನೂ ನಕ್ಕೆ. ಉಳಿದ ಮಾತು, ನನ್ನ ‘ಹೋ’ ಅವಳ ಕೈಯನ್ನು ನಿಲ್ಲಿಸಿತೆಂಬ ಮಾತು, ನಾಲಿಗೆಯ ತುದಿಯಲ್ಲಿತ್ತು. ನಗುತ್ತಿರುವವರ ನಡುವೆ ಅದನ್ನು ಆಡುವ ಧೈರ್ಯ ನನಗಾಗಲಿಲ್ಲ. ನಗೆ ನನ್ನನ್ನು ಕ್ಷಮಿಸಿಬಿಟ್ಟಿತ್ತು. ಕ್ಷಮೆ ಸಿಕ್ಕಿದ್ದು ಅರ್ಧಕ್ಕೆ ಮಾತ್ರ ಎಂಬುದು ನನಗೊಬ್ಬನಿಗೆ ಗೊತ್ತಿತ್ತು.

ಮಜೀದನನ್ನು ಕರೆತರಲು ಹಳಿಯಾಳಕ್ಕೆ ಹೋದವನೂ ನಾನೇ. ಕಟ್ಟೆಯ ಸಂಗತಿಯನ್ನು ನಗುತ್ತಲೇ ಹೇಳಿದೆ. ಅವನು ನಗಲಿಲ್ಲ. ಕೈಯಲ್ಲಿದ್ದ ಪಾನೆಯನ್ನು ಒರೆಸಿ ಕೆಳಗಿಟ್ಟ.

“ಬರ್ತೇನ್ರಿ. ಆದ್ರ ಈಗ ಕಿಡಕಿ ಸಾಲೂದಿಲ್ಲ. ಗ್ವಾಡಿ ತಗಸ್ರಿ.”

ಗೋಡೆ ತೆಗೆಸಿದೆ. ಮುಂದಿನ ಸುಗ್ಗಿಯ ಹೊತ್ತಿಗೆ ಇನ್ನೂ ಕೆಲವು ಬದಲಾವಣೆ ಮಾಡಿದೆವು. ಉರುಳೆಯ ಬಾಯಿಗೆ ಒಂದು ತೋಳಿಗಿಂತ ಉದ್ದವಾದ, ಕಾಲುವೆಯಂಥ ಕಟ್ಟಿಗೆಯ ಡೋಣಿ ಕೂಡಿಸಿದೆವು. ಕಬ್ಬು ಅದರೊಳಗೆ ಜಾರಿ ಹೋಗುತ್ತಿತ್ತು, ಕೈ ಉರುಳೆಗೆ ಮುಟ್ಟುತ್ತಿರಲಿಲ್ಲ. ಕಬ್ಬು ಕೊಡುವವರ ಕಾಲ ಬುಡದಲ್ಲೇ ಒಂದು ಹಲಗೆ ಹಾಕಿದೆವು. ಅದನ್ನು ತುಳಿದರೆ ಪಟ್ಟಾ ಸರಿದು ಗಾಣ ನಿಲ್ಲುತ್ತಿತ್ತು. ಅರಿವೆ ಸುತ್ತಿಕೊಳ್ಳುವುದನ್ನು ಬಿಡಿಸಿದೆವು. ಕಬ್ಬು ಕೊಡಲು ದ್ಯಾಮಪ್ಪ ಕೂತ. ಹೊಳೆವ್ವ ಮನೆಯಲ್ಲಿ ಎಡಗೈಯಿಂದ ರೊಟ್ಟಿ ಬಡಿಯಲು ಕಲಿಯುತ್ತಿದ್ದಳು.

ಗಾಣ ಹೂಡಿದ ದಿನ ಎಲ್ಲರನ್ನೂ ಸೇರಿಸಿ, ಏನೇ ಆದರೂ ಇಲ್ಲಿ ಯಾರೂ ‘ಹೋ’ ಅನ್ನಬಾರದು ಎಂದು ಹೇಳಿದೆ. ಹಲಗೆ ತುಳಿಯಬೇಕು, ಇಲ್ಲವೇ ಮಜೀದನ ಹೆಸರು ಕೂಗಬೇಕು.

“ಎಂಜಿನ್ನಿಗೆ ಕೇಳೂದಿಲ್ಲ ಅಂದಮ್ಯಾಲೆ ಅಂದ್ರೇನು, ಬಿಟ್ರೇನ್ರಿ?” ಎಂದ ದ್ಯಾಮಪ್ಪ. “ಎತ್ತಿಗೆ ಬಾಯಿಕುಕ್ಕಿ ಹಾಕಿದಂಗ ನಮಗೂ ಹಾಕತೀರೇನು?”

ಎಲ್ಲರೂ ನಕ್ಕರು. ಕಾರಣ ಹೇಳದ ನಿಯಮ ಸಂಜೆಯವರೆಗೂ ಬಾಳುವುದಿಲ್ಲವೆಂದು ನನಗೆ ಗೊತ್ತಿತ್ತು. ಕಬ್ಬು ಕೊಡುವವನು ಈಗ ದ್ಯಾಮಪ್ಪ. ಆ ಕಾರಣ ಮೊದಲು ತಿಳಿಯಬೇಕಾದದ್ದು ಅವನಿಗೇ. ಅವನನ್ನು ಕಬ್ಬಿನ ರಾಶಿಯ ಹಿಂದಕ್ಕೆ ಕರೆದೊಯ್ದೆ. ಅವನ ಕೈ ಉಳಿಯಲಿ ಎಂಬುದು ಒಂದು ಕಾರಣ. ಒಂದು ಸುಗ್ಗಿಯಿಂದ ಹೊತ್ತದ್ದನ್ನು ಎಲ್ಲಾದರೂ ಇಳಿಸಬೇಕಾಗಿತ್ತು ಎಂಬುದು ಇನ್ನೊಂದು. ಯಾವುದು ಮುಂದೆ, ಯಾವುದು ಹಿಂದೆ ಎಂದು ಇಂದಿಗೂ ಹೇಳಲಾರೆ. ಹೊಳೆವ್ವನ ಮಾತು ನೆನಪಿತ್ತು. ಆದರೆ ಅವಳು ಮುಚ್ಚಿದ್ದು ನನ್ನ ಮಾನಕ್ಕಾಗಿ. ಅದನ್ನು ಬಿಚ್ಚುವ ಹಕ್ಕು ನನ್ನದೇ ಎಂದುಕೊಂಡೆ.

“ಎಂಜಿನ್ನಿಗೆ ಕೇಳೂದಿಲ್ಲ, ದ್ಯಾಮಪ್ಪ. ಕೈಗೆ ಕೇಳತೈತಿ,” ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದೆ.

ಅವನು ಬೈಯಬಹುದು, ಕೈ ಎತ್ತಬಹುದು ಎಂದು ಕಾಯುತ್ತಿದ್ದೆ. ಅವನು ಕಬ್ಬಿನ ಹೊರೆಯ ಮೇಲೆ ಕೂತ.

“ಆಕೀನ ಹೇಳಿದ್ಳಾ?”

ಹೌದೆಂದೆ. ಅವನು ನೆಲ ನೋಡುತ್ತ ಅಂದ: “ಮದವಿಯಾದ ವರ್ಷ ಆಕಿನ್ನ ಗಾಣಕ್ಕ ಕುಂಡರಿಸಿದಾಂವ ನಾ. ಅಂಜಿ ಕೈ ಜಗ್ಗತಿದ್ಳು. ಹೋ ಅಂದಕೂಡ್ಲೆ ಕಲ್ಲಾಗಬೇಕು ಅಂತ ಬೈದು ಬೈದು ಕಲಿಸಿದೆ. ಒಮ್ಮೆ ಬಾರಕೋಲಲೆ ಹೊಡದೂ ಕಲಿಸೇನಿ.”

ನಾನು ಏನೋ ಹೇಳಲು ಹೋದೆ. ತಪ್ಪು ನಿನ್ನದಲ್ಲ, ಎತ್ತಿನ ಗಾಣಕ್ಕೆ ಅದೇ ಸರಿಯಾಗಿತ್ತು, ಗಾಣವನ್ನು ಬದಲಿಸಿದವನು ನಾನು ಎಂದೆ. ಅದೆಲ್ಲ ನಿಜವಾಗಿತ್ತು. ಅವನು ಕೇಳಿಸಿಕೊಳ್ಳಲಿಲ್ಲ. ಎದ್ದು, ಗಾಣದ ಕಡೆ ತಿರುಗಿಯೂ ನೋಡದೆ ಊರ ಕಡೆ ನಡೆದುಬಿಟ್ಟ. ಎಂಜಿನ್ನಿನ ಹತ್ತಿರ ನಿಂತಿದ್ದ ಮಜೀದ ಅದನ್ನು ಕಂಡು, ಯಾರೂ ಹೇಳದೆಯೇ ಎಂಜಿನ್ ನಿಲ್ಲಿಸಿದ.

ಮರುದಿನ ಬೆಳಿಗ್ಗೆ ಹೊಳೆವ್ವ ನಮ್ಮ ಹಿತ್ತಲಿಗೆ ಬಂದಳು. ಅಂದು ಅವಳು ಕೈ ಮುಚ್ಚಿಕೊಂಡಿರಲಿಲ್ಲ.

“ನಿನ್ನೆ ಮಧ್ಯಾಹ್ನದಿಂದ ಉಂಡಿಲ್ಲ ಅವರು,” ಎಂದಳು. “ಅವರಿಗೆ ಹೊಲದ ಕೆಲಸ ಕೊಡ್ರಿ. ಗಾಣದ ಕಡೆ ಕರೀಬ್ಯಾಡ್ರಿ.”

ಆಗಲಿ ಎಂದೆ. ಅವಳು ಹೊರಟಳು. ಬಾಗಿಲ ಹತ್ತಿರ ನಿಂತು ಕೇಳಿದಳು:

“ಹೇಳಬ್ಯಾಡ ಅಂದದ್ದು ನಿಮ್ಮ ಸಲುವಾಗಿ ಅಂತ ತಿಳದಿದ್ರೇನ್ರಿ?”

ಅವಳು ನನ್ನ ಮುಖ ನೋಡಿ, ಗಂಡನಿದ್ದ ಮನೆಯ ಕಡೆ ಹೋದಳು.